ಜ್ಯೋತಿಪ್ರಸಾದ್ ಅಗರ್ವಾಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ಅಸ್ಸಾಮಿನ ಸಿನಿಮಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಭೂಪೇನ್ ಹಜಾರಿಕಾ ಹೆಸರು. ಸ್ವಲ್ಪ ಜಾಸ್ತಿ ಸಿನಿಮಾ ನೋಡುವವರು ಜಾಹ್ನು ಬರುವಾ ಅನ್ನುತ್ತಾರೆ, ಈಗಿನ ಹುಡುಗರು ರೀಮಾ ದಾಸ್ ಅನ್ನುತ್ತಾರೆ. ಇವರೆಲ್ಲರಿಗಿಂತ ಮುಂಚೆ, ಚಹಾ ತೋಟದ ನಡುವೆ ಬಿದಿರು, ಬಾಳೆದಿಂಡಿನಲ್ಲಿ ಸೆಟ್ ಹಾಕಿ ಸಿನಿಮಾ ತೆಗೆದ ಕವಿಯೊಬ್ಬರಿದ್ದರು ಅಂದರೆ ಸಾಲುಸಾಲು ಪ್ರಶ್ನೆಗಳು ಬರುತ್ತವೆ. ಅವಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಯಾರಿವರು? ಚಿಕ್ಕದಾಗಿ ಹೇಳಿ.

ಕವಿ, ನಾಟಕಕಾರ, ಹಾಡು ಬರೆದು ರಾಗ ಕಟ್ಟಿದವರು, ಅಸ್ಸಾಮಿ ಭಾಷೆಯ ಮೊದಲ ಸಿನಿಮಾ ‘ಜಯಮತಿ’ಯನ್ನು ಮಾಡಿದವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು. ಹುಟ್ಟಿದ್ದು 1903ರ ಜೂನ್ 17ರಂದು, ದಿಬ್ರುಗಢದ ಕಡೆಯ ತಾಮೂಲ್‌ಬಾರಿ ಚಹಾ ತೋಟದಲ್ಲಿ. ತೀರಿಕೊಂಡದ್ದು 1951ರ ಜನವರಿ 17ರಂದು ತೇಜ್‌ಪುರದಲ್ಲಿ, ಕ್ಯಾನ್ಸರ್‌ನಿಂದ. ಆಗ ಅವರಿಗೆ ಬರೀ 47 ವರ್ಷ. ಅಸ್ಸಾಮಿನ ಜನ ಅವರನ್ನು ‘ರೂಪ್‌ಕೊಂವರ್’ ಅಂತ ಕರೆಯುತ್ತಾರೆ, ಕಲೆಯ ರಾಜಕುಮಾರ ಅನ್ನೋ ಭಾವದಲ್ಲಿ. ಅವರು ತೀರಿಕೊಂಡ ದಿನವನ್ನು ಅಲ್ಲಿ ಪ್ರತಿವರ್ಷ ಶಿಲ್ಪಿ ದಿವಸ್ ಅಂತ ಆಚರಿಸುತ್ತಾರೆ.

ಅಗರ್ವಾಲಾ ಅಂದ್ರೆ ಮಾರ್ವಾಡಿ ಹೆಸರಲ್ವಾ? ಇವರು ಅಸ್ಸಾಮಿ ಹೇಗಾದರು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಹೌದು, ಮೂಲ ರಾಜಸ್ಥಾನದ್ದೇ. ಪೂರ್ವಜ ನವರಂಗರಾಮ್ ಅಗರ್ವಾಲಾ 19ನೇ ಶತಮಾನದ ಆರಂಭದಲ್ಲಿ ವ್ಯಾಪಾರಕ್ಕೆ ಅಂತ ಅಸ್ಸಾಮಿಗೆ ಬಂದರು, ಅಲ್ಲಿಯ ಹೆಣ್ಣನ್ನೇ ಮದುವೆಯಾದರು, ಅಲ್ಲೇ ಉಳಿದರು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಆ ಮನೆ ಅಸ್ಸಾಮಿ ಭಾಷೆಯ ದೊಡ್ಡ ಆಸರೆಗಳಲ್ಲಿ ಒಂದಾಗಿತ್ತು. ಅಜ್ಜ ಹರಿವಿಲಾಸ್ ಅಗರ್ವಾಲಾ, ಅಸ್ಸಾಮಿನ ವೈಷ್ಣವ ಸಂತ ಶಂಕರದೇವರ ಕೀರ್ತನೆಗಳು ಕೈಬರಹದ ಪ್ರತಿಗಳಲ್ಲಿ ಮಾತ್ರ ಇದ್ದ ಕಾಲದಲ್ಲಿ ಅವನ್ನು ಅಚ್ಚು ಹಾಕಿಸಿದವರು. ದೊಡ್ಡಪ್ಪ ಚಂದ್ರಕುಮಾರ್ ಅಗರ್ವಾಲಾ 1889ರಲ್ಲಿ ಶುರುವಾದ ‘ಜೋನಾಕಿ’ ಪತ್ರಿಕೆಯ ಮೊದಲ ಸಂಪಾದಕರು. ನಮ್ಮಲ್ಲಿ ನವೋದಯ ಅಂತೀವಲ್ಲ, ಅಸ್ಸಾಮಿ ಸಾಹಿತ್ಯದಲ್ಲಿ ಅಂಥದ್ದೊಂದು ಅಲೆ ಎದ್ದಿದ್ದು ಆ ಪತ್ರಿಕೆಯಿಂದಲೇ.

ಹಾಗಾಗಿ ‘ಹೊರಗಿನವರು ಬಂದು ಅಸ್ಸಾಮಿ ಸಿನಿಮಾ ಮಾಡಿದರು’ ಅನ್ನೋ ಮಾತಿಗೆ ಬೆಲೆ ಇಲ್ಲ. ಹೊರಗಿನಿಂದ ಬಂದವರು ಯಾರು, ಒಳಗಿನವರು ಯಾರು ಅಂತ ಅಸ್ಸಾಮಿನಲ್ಲಿ ಇವತ್ತಿಗೂ ಜಗಳ ನಡೆಯುತ್ತಿರುವಾಗ, ಅಲ್ಲಿಯ ಸಾಂಸ್ಕೃತಿಕ ಹೆಮ್ಮೆಯ ಮೊದಲ ಸಾಲಿನಲ್ಲೇ ಈ ಹೆಸರಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಸಿನಿಮಾಕ್ಕೆ ಮೊದಲು ಏನು ಬರೆದಿದ್ದರು?

‘ಶೋಣಿತ್ ಕುಂವರಿ’ ಅನ್ನೋ ನಾಟಕ. ಬರೆದಾಗ ವಯಸ್ಸು 14! ಕಥೆ ನಮಗೂ ಗೊತ್ತಿರುವುದೇ, ಉಷಾ ಮತ್ತು ಅನಿರುದ್ಧರದ್ದು. ಬಾಣಾಸುರನ ರಾಜಧಾನಿ ಶೋಣಿತಪುರ ಇದ್ದದ್ದು ತೇಜ್‌ಪುರದಲ್ಲೇ ಅನ್ನುವುದು ಅಲ್ಲಿಯವರ ನಂಬಿಕೆ. ಹಾಗಾಗಿ ಆ ಹುಡುಗನಿಗೆ ಅದು ಬರೀ ಪುರಾಣವಲ್ಲ, ಊರಿನ ಕಥೆ. ಉಷೆಯ ಕನಸಿನಲ್ಲಿ ಬಂದ ಹುಡುಗನ ಚಿತ್ರ ಬರೆದು ತೋರಿಸಿದ ಗೆಳತಿ ಚಿತ್ರಲೇಖೆ ನೆನಪಿದ್ದಾಳಲ್ವಾ? ಮುಂದೆ ತಮ್ಮ ಸಿನಿಮಾ ಕಂಪನಿಗೆ ಜ್ಯೋತಿಪ್ರಸಾದ್ ಇಟ್ಟ ಹೆಸರು ‘ಚಿತ್ರಲೇಖಾ ಮೂವಿಟೋನ್’.

ತೇಜ್‌ಪುರದಲ್ಲಿ ‘ಬಾಣ್ ರಂಗಮಂದಿರ’ ಅಂತ ಒಂದು ನಾಟಕಶಾಲೆ 1906ರಿಂದಲೇ ಇತ್ತು. ಇವರು ಬೆಳೆದದ್ದು ಆ ರಂಗದ ಸುತ್ತಮುತ್ತ. ಗೆಳೆಯರಾದ ವಿಷ್ಣುಪ್ರಸಾದ್ ರಾಭಾ, ಫಣಿ ಶರ್ಮಾ ಕೂಡ ಅದೇ ಬಳಗದವರು. ಸಿನಿಮಾಕ್ಕೆ ಬೇಕಾದ ಜನ ಸಿಕ್ಕಿದ್ದರಲ್ಲಿ ಈ ನಾಟಕದ ನಂಟಿನ ಪಾಲು ದೊಡ್ಡದು.

ಸಿನಿಮಾ ಕಲಿತದ್ದು ಎಲ್ಲಿ?

ಜರ್ಮನಿಯಲ್ಲಿ. ಹೋಗಿದ್ದು ಮಾತ್ರ ಬೇರೆ ಕೆಲಸಕ್ಕೆ. 1926ರಲ್ಲಿ ಅರ್ಥಶಾಸ್ತ್ರ ಓದಲು ಎಡಿನ್‌ಬರೋಗೆ ಹೋದರು. ಡಿಗ್ರಿ ಮುಗಿಸಲಿಲ್ಲ. ವಾಪಸ್ ಬರುವ ದಾರಿಯಲ್ಲಿ ಬರ್ಲಿನ್‌ನ ಉಫಾ ಸ್ಟುಡಿಯೋದಲ್ಲಿ ಕೆಲವು ತಿಂಗಳು ಕೂತು ಸಿನಿಮಾ ಕೆಲಸ ಕಲಿತರು. ಆ ಕಾಲಕ್ಕೆ ಯುರೋಪಿನ ದೊಡ್ಡ ಸ್ಟುಡಿಯೋ ಅದು. ಮುಂದೆ ಬಾಂಬೆ ಟಾಕೀಸ್ ಕಟ್ಟಿದ ಹಿಮಾಂಶು ರಾಯ್ ಪರಿಚಯವಾದದ್ದೂ ಅಲ್ಲೇ. 1930ರಲ್ಲಿ ಊರಿಗೆ ಬಂದರು. ಮನೆಯವರು ಡಿಗ್ರಿ ಎಲ್ಲಿ ಅಂತ ಕೇಳಿರಬೇಕು, ಯಾವ ಮನೆಯಲ್ಲಾದರೂ ಕೇಳುತ್ತಾರೆ ಬಿಡಿ.

‘ಜಯಮತಿ’ಯ ಕಥೆ ಏನು?

ಅಸ್ಸಾಮಿಯಲ್ಲಿ ‘ಜೊಯ್‌ಮೊತಿ’ ಅನ್ನುತ್ತಾರೆ. 17ನೇ ಶತಮಾನದಲ್ಲಿ ಅಸ್ಸಾಮನ್ನು ಆಳುತ್ತಿದ್ದ ಅಹೋಮ್ ರಾಜ್ಯದ ಕಥೆ. 1679ರಲ್ಲಿ ಒಬ್ಬ ಎಳೆಯ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದ್ದರು. ಜನ ಅವನನ್ನು ‘ಲೊರಾ ರಾಜಾ’ ಅನ್ನುತ್ತಿದ್ದರು, ಅಂದರೆ ಹುಡುಗ ದೊರೆ. ಅಧಿಕಾರವೆಲ್ಲ ಲಾಲುಕ್‌ಸೋಲಾ ಬರ್‌ಫುಕನ್ ಅನ್ನೋ ಅಧಿಕಾರಿಯ ಕೈಯಲ್ಲಿ. ಮೈಯಲ್ಲಿ ಊನ ಇದ್ದವನು ಅಹೋಮ್ ಅರಸನಾಗುವಂತಿಲ್ಲ ಅನ್ನೋ ಕಟ್ಟಳೆ ಇತ್ತು. ಹಾಗಾಗಿ ಮುಂದೆ ಪೈಪೋಟಿಗೆ ಬರಬಹುದಾದ ರಾಜಕುಮಾರರನ್ನು ಹಿಡಿದು ಅಂಗಹೀನ ಮಾಡಿಸುವುದು ಶುರುವಾಯಿತು. ಕೊಲ್ಲಬೇಕಾಗಿಲ್ಲ, ಒಂದು ಕಿವಿ ಕತ್ತರಿಸಿದರೂ ಸಾಕು.

ಗದಾಪಾಣಿ ಅನ್ನೋ ರಾಜಕುಮಾರ ತಪ್ಪಿಸಿಕೊಂಡು ನಾಗಾ ಬೆಟ್ಟಗಳಿಗೆ ಓಡಿಹೋದ. ಅವನ ಹೆಂಡತಿ ಜಯಮತಿಯನ್ನು ಹಿಡಿದು, ಜೆರೆಂಗಾ ಅನ್ನೋ ಬಯಲಿನಲ್ಲಿ ಎಲ್ಲರ ಎದುರು ಕಟ್ಟಿಹಾಕಿ, ಗಂಡ ಎಲ್ಲಿ ಅಂತ ದಿನಗಟ್ಟಲೆ ಹಿಂಸಿಸಿದರು. ಆಕೆ ಬಾಯಿ ಬಿಡಲಿಲ್ಲ. ಅಲ್ಲೇ ಸತ್ತಳು. 1681ರಲ್ಲಿ ಗದಾಪಾಣಿ ಗದಾಧರ ಸಿಂಹ ಅನ್ನೋ ಹೆಸರಲ್ಲಿ ದೊರೆಯಾದ. ಮಗ ರುದ್ರ ಸಿಂಹ ತಾಯಿಯ ನೆನಪಿಗೆ ಶಿವಸಾಗರದ ಹತ್ತಿರ ಜಯಸಾಗರ ಅಂತ ದೊಡ್ಡ ಕೆರೆ ತೋಡಿಸಿದ. ಅದು ಈಗಲೂ ಇದೆ.

ಹಳೆಯ ಬುರಂಜಿಗಳಲ್ಲಿ, ಅಂದರೆ ಅಹೋಮರ ಕಾಲದ ಬಖೈರುಗಳಲ್ಲಿ, ಜಯಮತಿಯ ಪ್ರಸ್ತಾಪ ಎಷ್ಟಿದೆ ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ವಾದ ಇದೆ. ಆಕೆ ಮನೆಮನೆಯ ಹೆಸರಾದದ್ದು 19ನೇ ಶತಮಾನದ ಕೊನೆಗೆ, ಬರಹಗಾರರ ಮೂಲಕ. ಲಕ್ಷ್ಮೀನಾಥ ಬೆಜ್‌ಬರುವಾ ಬರೆದ ನಾಟಕವೇ ಈ ಸಿನಿಮಾಕ್ಕೆ ಆಧಾರ.

ಇದು ರಾಜ ರಾಣಿ ಕಥೆ. ಸ್ವಾತಂತ್ರ್ಯ ಹೋರಾಟಕ್ಕೂ ಇದಕ್ಕೂ ಏನು ಸಂಬಂಧ?

ಹೊಡೆದರೂ ತಿರುಗಿ ಹೊಡೆಯದೆ, ಬಾಯಿಯೂ ಬಿಡದೆ, ಅಧಿಕಾರವನ್ನೇ ಸೋಲಿಸಿದ ಹೆಂಗಸಿನ ಕಥೆ. 1930ರ ದಶಕದಲ್ಲಿ ಅದನ್ನು ನೋಡಿದವರಿಗೆ ಸತ್ಯಾಗ್ರಹ ನೆನಪಾಗದೆ ಇರುತ್ತಾ? ಅದೂ ನಿರ್ದೇಶಕರು ಸ್ವತಃ 1932ರಲ್ಲಿ 15 ತಿಂಗಳ ಜೈಲುಶಿಕ್ಷೆ ಪಡೆದವರಾಗಿದ್ದಾಗ.

ಅಸ್ಸಾಮಿನಲ್ಲಿ ಆಗ ಸ್ಟುಡಿಯೋ ಇತ್ತಾ?

ಇರಲಿಲ್ಲ, ಅದಕ್ಕೇ ಇವರ ಕಥೆ ಹೇಳಬೇಕಾದದ್ದು. ಕೈಯಲ್ಲಿ ದುಡ್ಡಿತ್ತು, ಕಲ್ಕತ್ತಾ ಹತ್ತಿರದಲ್ಲೇ ಇತ್ತು, ಅಲ್ಲಿ ಎಲ್ಲ ಸೌಕರ್ಯವೂ ಸಿಗುತ್ತಿತ್ತು. ಬಾಡಿಗೆಗೆ ಒಂದು ಫ್ಲೋರ್ ಹಿಡಿದು ಸುಲಭವಾಗಿ ಸಿನಿಮಾ ತೆಗೆಯಬಹುದಿತ್ತು. ಇವರು ಹಾಗೆ ಮಾಡಲಿಲ್ಲ. ಅಸ್ಸಾಮಿನ ಸಿನಿಮಾ ಅಸ್ಸಾಮಿನಲ್ಲೇ ಆಗಬೇಕು ಅಂತ ಹಟ ಹಿಡಿದು ಬ್ರಹ್ಮಪುತ್ರದ ಉತ್ತರ ದಂಡೆಯಲ್ಲಿದ್ದ ತಮ್ಮ ಮನೆತನದ ಭೋಲಾಗುರಿ ಚಹಾ ತೋಟದಲ್ಲೇ ಸ್ಟುಡಿಯೋ ಕಟ್ಟಿದರು. ‘ಚಿತ್ರಬನ್’ ಅಂತ ಹೆಸರಿಟ್ಟರು.

ಹೇಗಿತ್ತು ಆ ಸ್ಟುಡಿಯೋ? ಮೇಲೆ ಸೂರಿಲ್ಲದ ಒಂದು ಗಟ್ಟಿ ನೆಲದ ಜಗಲಿ, ಅದರ ಮೇಲೆ ಬಿದಿರು, ಚಾಪೆ, ಬಾಳೆದಿಂಡುಗಳಿಂದ ಎಬ್ಬಿಸಿದ ಅಹೋಮ್ ಅರಮನೆ. ಗೋಡೆಗೆ ಹಳ್ಳಿಯ ರೈತರು ಇಟ್ಟುಕೊಳ್ಳುವ ಜಾಪಿ ಟೋಪಿಗಳ ಅಲಂಕಾರ. ಉಡುಪು, ಒಡವೆ, ಪಾತ್ರೆಪಡಗಗಳಿಗೆ ಅಹೋಮ್ ಕಾಲದ ಹಳೆಯ ವಸ್ತುಗಳನ್ನು ನೋಡಿ, ಹುಡುಕಿ ತಂದರು. ಕರೆಂಟ್ ಇಲ್ಲ. ಬಿಸಿಲನ್ನೇ ರಿಫ್ಲೆಕ್ಟರ್ ಹಿಡಿದು ಮುಖದ ಮೇಲೆ ತಿರುಗಿಸಬೇಕು. ಅಸ್ಸಾಮಿನ ಮಳೆ ಗೊತ್ತಲ್ಲ? ಶುರುವಾದರೆ ದಿನಗಟ್ಟಲೆ ಬಿಡುವುದಿಲ್ಲ. ಬೆಳಕಿಲ್ಲ ಅಂತ ಶೂಟಿಂಗ್ ನಿಲ್ಲಿಸಿ ಎಲ್ಲರೂ ಸುಮ್ನೆ ಕೂರುವುದು, ಊಟದ ಖರ್ಚು ಮಾತ್ರ ಏರುತ್ತಾ ಹೋಗುವುದು. 1933ರಲ್ಲಿ ಶುರುವಾದದ್ದು ಮುಗಿಯುವಷ್ಟರಲ್ಲಿ 1934ರ ಆಗಸ್ಟ್.

ಕ್ಯಾಮೆರಾ ಹಿಡಿದದ್ದು ಭೋಪಾಲ್ ಶಂಕರ್ ಮೆಹ್ತಾ. ಧ್ವನಿಗೆ ಲಾಹೋರಿನ ಫೈಜಿ ಸಹೋದರರು. ನೃತ್ಯದಲ್ಲಿ ಕೈಜೋಡಿಸಿದ್ದು ಗೆಳೆಯ ವಿಷ್ಣು ರಾಭಾ. ಫಣಿ ಶರ್ಮಾ ನಟರಾಗಿ ಬಂದರು. ಉಳಿದವರಲ್ಲಿ ಎಷ್ಟೋ ಜನ ಅಲ್ಲಿವರೆಗೆ ಸಿನಿಮಾ ಅನ್ನೋದನ್ನೇ ನೋಡಿರಲಿಲ್ಲ.

ನಟಿಯರು ಎಲ್ಲಿಂದ ಬಂದರು?

ಇಲ್ಲಿ ಇನ್ನೊಂದು ಹಟ. ಆಗ ಅಸ್ಸಾಮಿನ ನಾಟಕಗಳಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಕಲ್ಕತ್ತಾದ ಸಿನಿಮಾ, ರಂಗಭೂಮಿಯವರು ಹೆಚ್ಚಾಗಿ ವೇಶ್ಯೆಯರ ಕೇರಿಗಳಿಂದ ನಟಿಯರನ್ನು ಕರೆತರುತ್ತಿದ್ದರು. ಜ್ಯೋತಿಪ್ರಸಾದ್‌ಗೆ ಇದೆರಡೂ ಬೇಡವಾಗಿತ್ತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಕಥೆ ಏನು, ಯಾವ ಪಾತ್ರ ಹೇಗಿರುತ್ತದೆ ಅಂತ ಬರೆದು, ಸಂಭಾವನೆಯನ್ನೂ ಕೊಡುತ್ತೇವೆ ಅಂತ ಹೇಳಿ ಅರ್ಜಿ ಕರೆದರು. ‘ಮರ್ಯಾದಸ್ಥ’ ಮನೆತನದವರೇ ಆಗಬೇಕು ಅನ್ನೋದು ಷರತ್ತು.

ಈ ಷರತ್ತನ್ನು ಈಗಲೂ ಹೊಗಳುತ್ತಾರೆ. ನನಗೆ ಅದು ಅಷ್ಟು ಸರಳ ಅನ್ನಿಸುವುದಿಲ್ಲ. ಸಿನಿಮಾಕ್ಕೆ ಗೌರವ ತರಬೇಕು ಅನ್ನೋ ಆಸೆ ಅದರಲ್ಲಿ ಇತ್ತು, ನಿಜ. ಆದರೆ ಆ ಗೌರವ ಹೊರಬೇಕಾದದ್ದು ಹೆಣ್ಣುಮಕ್ಕಳು ಮಾತ್ರ. ಗಂಡಸರ ಮನೆತನ ಯಾರು ಕೇಳಿದರು?

ಕೊನೆಗೆ ಜಯಮತಿಯ ಪಾತ್ರಕ್ಕೆ ಸಿಕ್ಕಿದ್ದು ಗೋಲಾಘಾಟ್ ಕಡೆಯ ಪಾನಿ ದಿಹಿಂಗಿಯಾ ಅನ್ನೋ ಹಳ್ಳಿಯ ಐದೇವ್ ಹಂದಿಕೈ. ಇನ್ನೂ ಹದಿಹರೆಯದ ಹುಡುಗಿ. ಸೋದರ ಸಂಬಂಧಿಯೊಬ್ಬರು ‘ಹಡಗು ತೋರಿಸುತ್ತೇನೆ ಬಾ’ ಅಂತ ಹೇಳಿ ಮನೆಯಿಂದ ಕರೆದುಕೊಂಡು ಬಂದರು, ಶೂಟಿಂಗ್ ಅನ್ನೋದು ಆಮೇಲೆ ಗೊತ್ತಾಯಿತು ಅನ್ನುವ ಕಥೆ ಅಸ್ಸಾಮಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಮುಂದೆ ಅಪ್ಪನ ಒಪ್ಪಿಗೆಯೂ ಸಿಕ್ಕಿತಂತೆ.

ಎಲ್ಲ ಪಾತ್ರಗಳಿಗೂ ಅವರೊಬ್ಬರೇ ಧ್ವನಿ ಕೊಟ್ಟರಂತೆ, ನಿಜನಾ?

ಅರ್ಧ ಸಿನಿಮಾದ ಮಟ್ಟಿಗೆ ನಿಜ. ಶೂಟಿಂಗ್ ಮುಗಿಸಿ ಲಾಹೋರಿಗೆ ಹೋಗಿ ಎಡಿಟಿಂಗ್‌ಗೆ ಕೂತಾಗ ಎದೆ ಧಸಕ್ಕೆಂದಿರಬೇಕು. ಹೆಚ್ಚುಕಡಿಮೆ ಅರ್ಧದಷ್ಟು ರೀಲಿನಲ್ಲಿ ಧ್ವನಿಯೇ ಇಲ್ಲ! ಬಿಂಬ ಇದೆ, ತುಟಿ ಅಲ್ಲಾಡುತ್ತಿದೆ, ಮಾತಿಲ್ಲ. ನಟರೆಲ್ಲ ಅಸ್ಸಾಮಿನ ಹಳ್ಳಿಗಳಿಗೆ ವಾಪಸ್ ಹೋಗಿಯಾಗಿದೆ. ಅಲ್ಲಿಂದ ಲಾಹೋರಿಗೆ ಎಲ್ಲರನ್ನೂ ಕರೆಸುವುದು ಅಂದರೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ. ದುಡ್ಡೂ ಉಳಿದಿರಲಿಲ್ಲ.

ಆಗ ಒಂದು ಸೌಂಡ್ ಸ್ಟುಡಿಯೋ ಬಾಡಿಗೆಗೆ ಹಿಡಿದು, ಗಂಡು ಹೆಣ್ಣು ಅನ್ನದೆ ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡಿದರು. ಒಂದೇ ದಿನದಲ್ಲಿ ಆರು ಸಾವಿರ ಅಡಿ ಫಿಲ್ಮಿಗೆ ಧ್ವನಿ ಸೇರಿಸಿದರಂತೆ. ರಾಣಿ ಬಾಯಿ ತೆರೆದರೆ ಬರುವುದು ನಿರ್ದೇಶಕರ ದನಿ. ನೋಡಿದವರು ನಕ್ಕಿರಲೂಬಹುದು. ಭಾರತದಲ್ಲಿ ಡಬ್ಬಿಂಗ್ ಮಾಡಿದ ಮೊದಲ ನಿರ್ದೇಶಕ ಅಂತ ಈ ಕಾರಣಕ್ಕೆ ಅವರನ್ನು ಕರೆಯುತ್ತಾರೆ. ‘ಮೊದಲ’ ಅನ್ನೋ ಬಿರುದುಗಳ ಬಗ್ಗೆ ನಾನು ಯಾವಾಗಲೂ ಸ್ವಲ್ಪ ಹುಷಾರಾಗಿರುತ್ತೇನೆ. ಬಿರುದು ಇರಲಿ ಬಿಡಲಿ, ಆ ಹೊತ್ತಿಗೆ ಅವರಿಗೆ ಬೇರೆ ದಾರಿ ಇರಲಿಲ್ಲ ಅನ್ನೋದಂತೂ ಖರೆ.

ಸಿನಿಮಾ ಓಡಿತಾ?

ಇಲ್ಲ. 1935ರ ಮಾರ್ಚ್ 10ರಂದು ಕಲ್ಕತ್ತಾದ ರೌನಕ್ ಚಿತ್ರಮಂದಿರದಲ್ಲಿ ಬೆಜ್‌ಬರುವಾ ಅವರೇ ಉದ್ಘಾಟನೆ ಮಾಡಿದರು. ಅದೇ ತಿಂಗಳು ಗುವಾಹಟಿಯ ಕುಮಾರ್ ಭಾಸ್ಕರ್ ನಾಟ್ಯಮಂದಿರದಲ್ಲಿ ತೋರಿಸಿದರು. ಜನ ಹೆಮ್ಮೆಪಟ್ಟರು, ಹೊಗಳಿದರು. ಆದರೆ ಅಸ್ಸಾಮಿನಲ್ಲಿ ಮಾತಿನ ಸಿನಿಮಾ ತೋರಿಸುವ ವ್ಯವಸ್ಥೆ ಇದ್ದ ಚಿತ್ರಮಂದಿರಗಳು ಬೆರಳೆಣಿಕೆಯಷ್ಟು. ಕಲ್ಕತ್ತಾದವರಿಗೆ ಭಾಷೆ ಬೇರೆ. ಎಷ್ಟು ದಿನ ಓಡೀತು? ಸಾಮಾನ್ಯವಾಗಿ ಹೇಳುವ ಲೆಕ್ಕದ ಪ್ರಕಾರ ಖರ್ಚಾದದ್ದು 50ರಿಂದ 60 ಸಾವಿರ ರೂಪಾಯಿ, ಬಂದದ್ದು 24 ಸಾವಿರದ ಆಸುಪಾಸು. 1935ರ ರೂಪಾಯಿ ಅನ್ನೋದು ನೆನಪಿರಲಿ. ಚಹಾ ತೋಟ ಇದ್ದ ಮನೆಗೂ ಅದು ದೊಡ್ಡ ಪೆಟ್ಟು.

ಕನ್ನಡದ ಮೊದಲ ವಾಕ್ಚಿತ್ರವೂ ಅದೇ ಕಾಲದ್ದಲ್ವಾ?

ಹೌದು, ಒಂದು ವರ್ಷ ಹಿಂದಿನದು. ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ನಮ್ಮಲ್ಲೂ ಸ್ಟುಡಿಯೋ ಇರಲಿಲ್ಲ, ಹಾಗಾಗಿ ಇಡೀ ತಂಡ ಕೊಲ್ಹಾಪುರಕ್ಕೆ ಹೋಗಿ ಚಿತ್ರೀಕರಣ ಮಾಡಿಕೊಂಡು ಬಂತು. ಅದೇ ಬುದ್ಧಿವಂತಿಕೆಯ ದಾರಿ. ಜ್ಯೋತಿಪ್ರಸಾದ್ ಹಿಡಿದದ್ದು ಇನ್ನೊಂದು ದಾರಿ, ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತರು. ಇನ್ನೊಂದು ವ್ಯತ್ಯಾಸ ಇದೆ. ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಉಳಿದಿಲ್ಲ, ನಾವು ಸ್ಟಿಲ್ ಫೋಟೋ ನೋಡಿ ತೃಪ್ತಿಪಡಬೇಕು. ಅಸ್ಸಾಮಿನವರ ಮೊದಲ ಸಿನಿಮಾ ಅರ್ಧಂಬರ್ಧ ಆದರೂ ಉಳಿದಿದೆ.

ಬರಹಗಾರ ಸಿನಿಮಾಕ್ಕೆ ಕೈಹಾಕಿದ್ದರಲ್ಲಿ ನಮಗೆ ಹೆಚ್ಚು ಹತ್ತಿರದ ಜೋಡಿ ಅಂದರೆ ಶಿವರಾಮ ಕಾರಂತರು. ಹುಟ್ಟಿದ್ದು 1902ರಲ್ಲಿ, ಒಂದು ವರ್ಷಕ್ಕೂ ಕಡಿಮೆ ಅಂತರ. ಅವರೂ 1930ರ ಆಸುಪಾಸಿನಲ್ಲಿ ಮೂಕಿ ಚಿತ್ರ ಮಾಡಲು ಹೋಗಿ ಕೈಸುಟ್ಟುಕೊಂಡವರೇ.

ಐದೇವ್‌ಗೆ ಆಮೇಲೆ ಏನಾಯಿತು?

ಸಿನಿಮಾದಲ್ಲಿ ಗಂಡನ ಪಾತ್ರ ಮಾಡಿದವರನ್ನು ಆಕೆ ಗಂಡನನ್ನು ಕರೆಯುವ ಹಾಗೆ ‘ಬೊಂಗಹೊರ್‌ದೇವ್’ ಅಂತ ಕರೆದಿದ್ದಳು. ಊರಿನವರ ಕಣ್ಣಲ್ಲಿ ಅಷ್ಟೇ ಸಾಕಾಯಿತು. ಪರಗಂಡಸನ್ನು ಗಂಡ ಅಂದವಳು. ಮನೆಗೆ ವಾಪಸ್ ಬಂದಾಗ ಹಳ್ಳಿ ಬಹಿಷ್ಕಾರ ಹಾಕಿತು. ಮನೆಯವರಿಂದಲೂ ದೂರವಾಗಿ ಒಂದು ಬೇರೆ ಗುಡಿಸಲಲ್ಲಿ ಇರಬೇಕಾಯಿತು. ಮದುವೆಯಾಗಲು ಯಾರೂ ಮುಂದೆ ಬರಲಿಲ್ಲ. ಆಕೆ ಜೀವನಪೂರ್ತಿ ಒಂಟಿಯಾಗೇ ಉಳಿದಳು.

ಜಯಮತಿಯನ್ನು ಸತಿ ಅಂತ ಪೂಜಿಸುವ ನಾಡು, ಅವಳ ಹೆಸರಲ್ಲಿ ಕೆರೆ ಇರುವ ನಾಡು. ಅದೇ ನಾಡು ಆ ಪಾತ್ರ ಮಾಡಿದ ಹುಡುಗಿಗೆ ಹೀಗೆ ಮಾಡಿತು. ‘ಜಯಮತಿ’ಯ ನಷ್ಟದ ಲೆಕ್ಕ ಹೇಳುವವರು ಸಾವಿರ ರೂಪಾಯಿಗಳಲ್ಲಿ ಹೇಳುತ್ತಾರೆ. ಐದೇವ್ ತೆತ್ತದ್ದನ್ನು ಆ ಪಟ್ಟಿಯಲ್ಲಿ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಯಾಕೆಂದರೆ ನಿರ್ದೇಶಕರಿಗೆ ಸಾಲ ತೀರಿಸಲು ಇನ್ನೊಂದು ಸಿನಿಮಾ ಮಾಡುವ ಅವಕಾಶ ಇತ್ತು, ಮುಂದೆ ಬಿರುದೂ ಬಂತು. ಆಕೆಗೆ ಎರಡನೆಯ ಅವಕಾಶ ಬರಲು ದಶಕಗಳೇ ಹಿಡಿದವು.

ಅಸ್ಸಾಮಿ ಸಿನಿಮಾಕ್ಕೆ 50 ತುಂಬಿದ ಹೊತ್ತಿಗೆ, 1985ರಲ್ಲಿ, ಆಕೆಯನ್ನು ಕರೆಸಿ ಸನ್ಮಾನ ಮಾಡಿದರು. ಸರ್ಕಾರದ ಪಿಂಚಣಿ ಬಂತು. 2002ರ ಡಿಸೆಂಬರ್ 17ರಂದು ತೀರಿಕೊಂಡರು. 2007ರಲ್ಲಿ ಅರೂಪ್ ಮನ್ನಾ ‘ಐದೇವ್’ ಅಂತ ಆಕೆಯ ಬದುಕಿನ ಮೇಲೆಯೇ ಸಿನಿಮಾ ಮಾಡಿದರು. ಜ್ಯೋತಿಪ್ರಸಾದ್ ಬಗ್ಗೆ ಓದುವವರೆಲ್ಲ ಆಕೆಯ ಬಗ್ಗೆಯೂ ಓದಬೇಕು ಅನ್ನೋದು ನನ್ನ ಅಭಿಪ್ರಾಯ. ಅದು ಅಡಿಟಿಪ್ಪಣಿಯ ವಿಷಯ ಅಲ್ಲ.

ರೀಲು ಕಳೆದುಹೋಗಿ ಮತ್ತೆ ಸಿಕ್ಕಿತಂತೆ?

ಎರಡನೇ ಮಹಾಯುದ್ಧದ ನಂತರ ಅದು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅವರ ಕೊನೆಯ ತಮ್ಮ ಹೃದಯಾನಂದ ಅಗರ್ವಾಲಾ ಮನೆಯ ಗ್ಯಾರೇಜು ಕ್ಲೀನ್ ಮಾಡಿಸುವಾಗ ಹಳೆ ಸಾಮಾನಿನ ನಡುವೆ ಏಳು ರೀಲು ಸಿಕ್ಕವು. ಕೆಲವು ಕಡೆ ಹಾಳಾಗಿದ್ದವು. ಅವನ್ನೇ ಸೇರಿಸಿ ಭೂಪೇನ್ ಹಜಾರಿಕಾ 1976ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಮುಂದೆ ಅಲ್ತಾಫ್ ಮಜೀದ್ ಅನ್ನೋ ಚಿತ್ರನಿರ್ದೇಶಕರು ಉಳಿದ ಭಾಗವನ್ನು ಒಪ್ಪಮಾಡಿ, ಸಬ್‌ಟೈಟಲ್ ಹಾಕಿ 2006ರಲ್ಲಿ ಹೊರಗೆ ತಂದರು. ಇವತ್ತು ನಾವು ನೋಡುವುದು ಸುಮಾರು ಒಂದು ಗಂಟೆಯಷ್ಟು.

ಆ ಒಂದು ಗಂಟೆ ನೋಡಲು ಹೇಗಿದೆ? ನಿಜ ಹೇಳಿ.

ನಿಜ ಹೇಳಬೇಕಂದರೆ, ಇವತ್ತಿನ ವೇಗಕ್ಕೆ ಒಗ್ಗಿದವರಿಗೆ ಕಷ್ಟ. ಅಲ್ಲಲ್ಲಿ ನಾಟಕದ ಅಭಿನಯ ಇದೆ, ಧ್ವನಿ ಸರಿಯಿಲ್ಲ, ಕಥೆ ನಡುನಡುವೆ ಹಾರುತ್ತದೆ. ಕಥೆ ಗೊತ್ತಿಲ್ಲದೆ ನೋಡಲು ಕೂತರೆ ಏನೂ ತಿಳಿಯುವುದಿಲ್ಲ, ಅದಕ್ಕೇ ಮೇಲೆ ಅಷ್ಟು ಉದ್ದ ಬರೆದದ್ದು. ನಾಗಾ ಬೆಟ್ಟದಲ್ಲಿ ಗದಾಪಾಣಿಗೆ ಎದುರಾಗುವ ಡಾಲಿಮಿ ಅನ್ನೋ ಹುಡುಗಿಯ ಪಾತ್ರ ಬೆಜ್‌ಬರುವಾ ಕಲ್ಪನೆಯದು. ಬೆಟ್ಟದ ಮುಗ್ಧೆ ಅನ್ನೋ ಹಳೆಯ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ, ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಆದರೆ ಬಟ್ಟೆಬರೆ, ಹೆಣಿಗೆ, ನೆಲದ ಮೇಲೆ ಕೂರುವ ರೀತಿ, ಹೊರಾಂಗಣದ ಬೆಳಕು ಇವೆಲ್ಲ ನೋಡುವಂತಿವೆ. ಆ ಕಾಲದ ಪೌರಾಣಿಕ ಸಿನಿಮಾಗಳಲ್ಲಿ ಬಣ್ಣ ಬಳಿದ ಪರದೆಯ ಮುಂದೆ ಕಿರೀಟ ಹೊತ್ತು ನಿಲ್ಲುತ್ತಿದ್ದ ರಾಜರ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇಲ್ಲಿ ಬಿದಿರು ಬಿದಿರಿನ ಹಾಗೇ ಇದೆ.

ಇನ್ನೆಷ್ಟು ಸಿನಿಮಾ ಮಾಡಿದರು?

ಇನ್ನೊಂದೇ. ‘ಇಂದ್ರಮಾಲತಿ’, 1939. ಈ ಸಲ ಹಟ ಬಿಟ್ಟರು. ಕಲ್ಕತ್ತಾದ ಸ್ಟುಡಿಯೋ ಬಳಸಿ, ಸುಮಾರು 15 ಸಾವಿರ ರೂಪಾಯಿಯಲ್ಲಿ ಮುಗಿಸಿದರು. ತಕ್ಕಮಟ್ಟಿಗೆ ದುಡ್ಡೂ ಬಂತು. ಈ ಸಿನಿಮಾದಲ್ಲಿ ಒಬ್ಬ ಪುಟ್ಟ ಹುಡುಗ ಹಾಡುತ್ತಾನೆ. ಅವನೇ ಭೂಪೇನ್ ಹಜಾರಿಕಾ. ತೇಜ್‌ಪುರದಲ್ಲಿ ಈ ಹುಡುಗನ ಹಾಡು ಕೇಳಿ ಬೆನ್ನು ತಟ್ಟಿ ಕಲ್ಕತ್ತಾಕ್ಕೆ ಕರೆದುಕೊಂಡು ಹೋಗಿ ರೆಕಾರ್ಡಿಂಗ್ ಮಾಡಿಸಿದ್ದು ಜ್ಯೋತಿಪ್ರಸಾದ್ ಮತ್ತು ವಿಷ್ಣು ರಾಭಾ.

ನಾಟಕಗಳಲ್ಲಿ ಯಾವುದು ಮುಖ್ಯ?

‘ಕಾರೆಂಗರ್ ಲಿಗಿರಿ’, ಅಂದರೆ ಅರಮನೆಯ ದಾಸಿ. ಮದುವೆ ಬೇಡ ಅನ್ನುವ ರಾಜಕುಮಾರ, ಹಟ ಹಿಡಿದು ಮದುವೆ ಮಾಡಿಸುವ ತಾಯಿ, ಮೊದಲೇ ಬೇರೊಬ್ಬನನ್ನು ಪ್ರೀತಿಸಿದ್ದ ಹೆಂಡತಿ, ಇವರ ನಡುವೆ ಶೇವಾಲಿ ಅನ್ನೋ ದಾಸಿ. ದೊಡ್ಡವರ ಆದರ್ಶ, ಮರ್ಯಾದೆಗಳ ಲೆಕ್ಕವೆಲ್ಲ ಕೊನೆಗೆ ಬಂದು ಬೀಳುವುದು ಅವಳ ತಲೆಯ ಮೇಲೆ. ಐದೇವ್ ಕಥೆ ಗೊತ್ತಿದ್ದು ಈ ನಾಟಕ ಓದಿದರೆ ಒಂಥರಾ ಆಗುತ್ತದೆ.

‘ರೂಪಾಲೀಮ್’ನಲ್ಲೂ ಹೆಣ್ಣಿನ ಮೇಲೆ ಕಣ್ಣು ಹಾಕುವ ದೊರೆ ಇದ್ದಾನೆ. ‘ಲಭಿತಾ’ ನನ್ನ ಆಯ್ಕೆ. ಅದರಲ್ಲಿ ಅರಮನೆಯೇ ಇಲ್ಲ. 1942ರ ಚಳವಳಿ, ಯುದ್ಧ, ಪೊಲೀಸರು, ಮಿಲಿಟರಿ, ಊರಿನ ಕಟ್ಟುಪಾಡು ಇವುಗಳ ನಡುವೆ ಸಿಕ್ಕಿಬಿದ್ದ ಹಳ್ಳಿ ಹುಡುಗಿಯೊಬ್ಬಳ ಕಥೆ. ಯಾರೂ ಆಸರೆ ಕೊಡದೆ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಗುವಾಗ ಅವಳು ಮುಂದೆ ಮುಂದೆ ನಡೆಯುತ್ತಾಳೆ.

ಜ್ಯೋತಿ ಸಂಗೀತ ಅಂದರೆ?

ಅವರ ಹಾಡುಗಳಿಗೆ ಅಸ್ಸಾಮಿನಲ್ಲಿ ಇರುವ ಹೆಸರು. ಸುಮಾರು 300 ಇವೆ ಅನ್ನುತ್ತಾರೆ. ಬಿಹು ಹಾಡು, ಹೆಂಗಸರು ಹಾಡುವ ದೇವರ ಹಾಡು, ಶಂಕರದೇವರ ಪರಂಪರೆಯ ಬರಗೀತೆಗಳ ಧಾಟಿಯನ್ನು ತೆಗೆದುಕೊಂಡು, ಯುರೋಪಿನಲ್ಲಿ ಕೇಳಿದ್ದನ್ನೂ ಸ್ವಲ್ಪ ಬೆರೆಸಿದರು. ಅಲ್ಲಿಯವರೆಗೆ ನಾಟಕಗಳಲ್ಲಿ ಬಂಗಾಳಿ, ಹಿಂದೂಸ್ತಾನಿ ಧಾಟಿಯ ಹಾಡುಗಳೇ ಜಾಸ್ತಿ ಇದ್ದವು. ಸ್ವಂತ ಊರಿನ ಧಾಟಿ ರಂಗದ ಮೇಲೆ ಬಂದದ್ದು ಜನಕ್ಕೆ ಹೊಸದು. ಶಾಲೆಯ ಮಕ್ಕಳು ಇವತ್ತಿಗೂ ಇವನ್ನು ಹಾಡುತ್ತಾರೆ.

1942ರಲ್ಲಿ ಭೂಗತರಾಗಿದ್ದರಂತೆ?

ಹೌದು. ತೇಜ್‌ಪುರದ ಸುತ್ತಮುತ್ತ ಚಳವಳಿ ಸಂಘಟಿಸಿ, ಬಂಧನ ತಪ್ಪಿಸಿಕೊಳ್ಳಲು ತಲೆಮರೆಸಿಕೊಂಡಿದ್ದರು. ಅದಕ್ಕೂ ಬಹಳ ಮುಂಚೆ, 1921ರಲ್ಲಿ ಅಸಹಕಾರ ಚಳವಳಿಗೆ ಅಂತ ಶಾಲೆ ಬಿಟ್ಟವರು. ಅದೇ ವರ್ಷ ಗಾಂಧೀಜಿ ತೇಜ್‌ಪುರಕ್ಕೆ ಬಂದಾಗ ಉಳಿದುಕೊಂಡದ್ದು ಇವರ ‘ಪೋಕಿ’ ಮನೆಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಕಡೆಗೆ ಹೋಗಲಿಲ್ಲ, ಎಡಪಂಥೀಯ ಕಲಾವಿದರ ಬಳಗವಾದ ಇಪ್ಟಾ ಜೊತೆ ಕೆಲಸ ಮಾಡಿದರು.

ತೇಜ್‌ಪುರಕ್ಕೆ ಹೋದರೆ ಏನು ನೋಡಬಹುದು?

ಪೋಕಿ ಮನೆ ಈಗ ಮ್ಯೂಸಿಯಂ ಆಗಿದೆ. ಬಾಣ್ ರಂಗಮಂದಿರವೂ ಊರೊಳಗೇ ಇದೆ. ಗುವಾಹಟಿಯಲ್ಲಿ ಇಳಿದರೆ ಕಾಹಿಲಿಪಾರಾದಲ್ಲಿ ಸರ್ಕಾರದ ಫಿಲ್ಮ್ ಸ್ಟುಡಿಯೋ ಇದೆ, 1961ರಲ್ಲಿ ಶುರುವಾದದ್ದು, ಹೆಸರು ‘ಜ್ಯೋತಿ ಚಿತ್ರಬನ್’. ಭೋಲಾಗುರಿ ತೋಟ ತೇಜ್‌ಪುರದಿಂದ ಪೂರ್ವಕ್ಕೆ, ಗೋಹ್‌ಪುರದ ದಿಕ್ಕಿನಲ್ಲಿ. ದಾರಿ ಉದ್ದ ಇದೆ, ಒಂದು ದಿನ ಪೂರ್ತಿ ಅದಕ್ಕೇ ಇಟ್ಟುಕೊಳ್ಳಿ. ಜಯಸಾಗರ ಇರುವುದು ಬ್ರಹ್ಮಪುತ್ರದ ಆಚೆ ದಂಡೆಯಲ್ಲಿ, ಶಿವಸಾಗರದ ಕಡೆ. ಎರಡನ್ನೂ ಒಂದೇ ದಿನಕ್ಕೆ ಜೋಡಿಸಲು ಹೋಗಬೇಡಿ.

ನಾನು ಎಲ್ಲಿಂದ ಶುರು ಮಾಡಲಿ?

ಮೊದಲು ಹಾಡು ಕೇಳಿ, ಭಾಷೆ ಬರದಿದ್ದರೂ ನಡೆಯುತ್ತದೆ. ಆಮೇಲೆ ಭೂಪೇನ್ ಹಜಾರಿಕಾ ಮಾಡಿದ ಸಾಕ್ಷ್ಯಚಿತ್ರ, ಅದಾದ ಮೇಲೆ ಸಬ್‌ಟೈಟಲ್ ಇರುವ ‘ಜಯಮತಿ’. ಈ ಕ್ರಮ ತಪ್ಪಿಸಿ ನೇರ ಸಿನಿಮಾಕ್ಕೇ ಹೋದವರು ಹತ್ತು ನಿಮಿಷಕ್ಕೆ ಎದ್ದುಬಿಡುತ್ತಾರೆ. ನಾಟಕ ಓದುವುದಾದರೆ ‘ಲಭಿತಾ’ ಮೊದಲು, ‘ಕಾರೆಂಗರ್ ಲಿಗಿರಿ’ ಆಮೇಲೆ. ಮತ್ತೆ, ಅರೂಪ್ ಮನ್ನಾ ಅವರ ‘ಐದೇವ್’ ನೋಡದೆ ಪಟ್ಟಿ ಮುಗಿಸಬೇಡಿ.